ಪೆಟ್ಟಿಗೆಯಲ್ಲಿ ಕೂರಿಸಿದ ಕಾವು

ಶ್ರಾವಣ ಹುಟ್ಟಿ ನಾಲ್ಕು ದಿನವಾಗಿತ್ತು. ಮುರಿದು ತಂದ ಹೊಗೆಸೊಪ್ಪು ಅಂಗಳದ ಟಾರ್ಪಾಲಿನ ಕೆಳಗೆ ಹಸಿರು ಗುಡ್ಡೆಯಾಗಿ ಬಿದ್ದಿತ್ತು. ಸೊಸೆ ಪದ್ಮಶ್ರೀಯೂ ಇಬ್ಬರು ಕೂಲಿ ಹೆಂಗಸರೂ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ಮಗ ಮಹೇಂದ್ರ ಕಡ್ಡಿಗಳನ್ನು ಹೊತ್ತು ಸೊಪ್ಪು ಬೇಯಿಸುವ ಕೋಣೆಯಾದ ಬ್ಯಾರನ್ನಿಗೆ ಏರಿಸುತ್ತಿದ್ದ. ಕೆಂಪಯ್ಯ ಮಾತ್ರ ನಡುಮನೆಯ ಮಂಚದ ಮೇಲೆ ಕೂತು ಮೊಟ್ಟೆ ಕಾಯುತ್ತಿದ್ದ.

ರಾವಂದೂರಿನ ಸುತ್ತ ಸೊಪ್ಪು ಬೇಯಿಸುವುದರಲ್ಲಿ ಅವನದು ದೊಡ್ಡ ಕೈ. ಒಳಗೆ ಕಾಲಿಡದೆ, ಬಾಗಿಲಿಗೆ ಅಂಗೈ ಒತ್ತಿಯೇ ಎಲೆ ಎಷ್ಟು ಹಣ್ಣಾಗಿದೆ ಎಂದು ಹೇಳುತ್ತಿದ್ದ. ಜ್ಯೇಷ್ಠದಲ್ಲಿ ಬ್ಯಾರನ್ನಿನ ತೊಲೆ ಸರಿಪಡಿಸಲು ಹತ್ತಿ ಜಾರಿ ಬಿದ್ದ. ತೊಡೆಯ ಮೂಳೆಗೆ ರಾಡು ಹಾಕಿದರು. ಈಗ ಬಚ್ಚಲಿಗೆ ಹೋಗಬೇಕಾದರೂ ಪದ್ಮಶ್ರೀ ಹೆಗಲು ಕೊಡಬೇಕು. ಕಿಟಕಿಯಿಂದ ಹೊಗೆ ನೋಡಿ, "ಮಯೇಂದ್ರ, ಕಟ್ಟಿಗೆ ಇಳಿಸ್ಲಾ, ಜಾಸ್ತಿ ಆಯ್ತು!" ಎಂದು ಕೂಗುವನು. "ನೀನ್ ಸುಮ್ಕೆ ಮನೀಕಳಪ್ಪ" ಎಂದು ಅಲ್ಲಿಂದಲೇ ಉತ್ತರ ಬರುವುದು.

ಆ ಕೂಗಾಟ ತಾಳಲಾರದೆಯೇ ಮಹೇಂದ್ರ ಮೊಟ್ಟೆಗೆ ಕಾವು ಕೊಡುವ ಈ ಪೆಟ್ಟಿಗೆ ಮಾಡಿಕೊಟ್ಟಿದ್ದು. ಮೀನಿನಂಗಡಿಯಿಂದ ತಂದ ಥರ್ಮೋಕೋಲ್ ಡಬ್ಬ, ಎರಡು ಬಲ್ಬು, ಹಳೆಯ ಕಂಪ್ಯೂಟರಿನ ಪುಟ್ಟ ಫ್ಯಾನು, ಕಾವು ಏರಿದರೆ ಬಲ್ಬು ಆರಿಸುವ ಒಂದು ಮೀಟರು. ಮುಚ್ಚಳಕ್ಕೆ ಗಾಜಿನ ಚೂರು, ಪಕ್ಕಕ್ಕೆ ನಾಲ್ಕು ಕಿಂಡಿ, ಕಿಂಡಿಗೆ ಬಟ್ಟೆಯ ಬಿರಡೆ, ತಳದಲ್ಲಿ ಒಂದು ಬಟ್ಟಲು ನೀರು. ಕೆಂಪಯ್ಯ ಮೀಟರನ್ನು ನಂಬದೆ ಬ್ಯಾರನ್ನಿನ ಫ್ಯಾರನ್‌ಹೀಟ್ ಥರ್ಮಾಮೀಟರನ್ನೇ ಒಳಗಿಟ್ಟ. "ಸೊಪ್ಪು ಅಣ್ಣಾಗೋಕೂ ನೂರು, ಮರಿ ಆಗೋಕೂ ನೂರು. ಎಲ್ಲಾ ಒಂದೇ ಬೆಂಕಿ ಕಣವ್ವ" ಎಂದು ಸೊಸೆಗೆ ಹೇಳಿದ.

ಮೊಟ್ಟೆ ಹಾಜಿರಾಬಿಯದು. ಪಿರಿಯಾಪಟ್ಟಣದಿಂದ ಊರೂರು ತಿರುಗಿ ನಾಟಿಕೋಳಿ ಕೊಳ್ಳುವವಳು. ಕೆಂಪಯ್ಯನ ಮನೆಗೆ ಇಪ್ಪತ್ತು ವರ್ಷದ ಪರಿಚಯ. ಅವಳು ತನ್ನ ಅತ್ತೆಯ ಕಾಲದಿಂದ ಸಾಕಿಕೊಂಡು ಬಂದ ಕಪ್ಪು ಕೋಳಿಗಳ ಗೂಡಿಗೆ ನಾಯಿಗಳು ನುಗ್ಗಿ ಹನ್ನೊಂದು ಹೇಂಟೆಯನ್ನೂ ಹುಂಜವನ್ನೂ ಹರಿದು ಹಾಕಿದ್ದವು. ತೌಡಿನ ಕುಕ್ಕೆಯಲ್ಲಿ ಇಪ್ಪತ್ತನಾಲ್ಕು ಮೊಟ್ಟೆ ಮಾತ್ರ ಉಳಿದಿದ್ದವು. ಬೇರೆಯವರ ಕೋಳಿಯ ಕೆಳಗೆ ಇಡೋಣವೆಂದರೆ ಯಾವ ಕೋಳಿಯೂ ಕಾವಿಗೆ ಬಂದಿರಲಿಲ್ಲ. ಆಗ ಕೆಂಪಯ್ಯ, "ತಗಂಬಾ. ಕೋಳಿಗಿಂತ ಚೆಂದಾಗಿ ಕಾವು ಕೊಡ್ತೀನಿ" ಎಂದಿದ್ದ. ವಾರದ, ಅಂದರೆ ಪಾಲಿನ, ಮಾತಾಯಿತು: ಎದ್ದ ಮರಿಯಲ್ಲಿ ಅರ್ಧ ಮೊಟ್ಟೆಯವಳಿಗೆ, ಅರ್ಧ ಕಾವು ಕೊಟ್ಟವನಿಗೆ.

ಇಪ್ಪತ್ತು ದಿನ ಅವನು ಆ ಪೆಟ್ಟಿಗೆ ಬಿಟ್ಟು ಕದಲಲಿಲ್ಲ, ಕದಲುವ ಹಾಗೂ ಇರಲಿಲ್ಲ. ದಿನಕ್ಕೆ ಮೂರು ಸಲ ಮೊಟ್ಟೆ ಹೊರಳಿಸುವುದು. ಕರೆಂಟು ಹೋದರೆ ಪೆಟ್ಟಿಗೆಗೆ ಕಂಬಳಿ ಹೊದಿಸಿ, ಬಿಸಿನೀರಿನ ಬಾಟಲಿ ಒಳಗಿಟ್ಟು, ಕರೆಂಟಿನವರ ವಂಶವನ್ನೆಲ್ಲ ಬೈಯುವುದು. ಎಂಟನೆಯ ದಿನ ಪದ್ಮಶ್ರೀ ಮೊಬೈಲಿನ ಬೆಳಕು ಹಿಡಿದಾಗ ಇಪ್ಪತ್ತೆರಡರಲ್ಲಿ ಕೆಂಪು ನರ ಹರಡಿರುವುದು ಕಂಡಿತು. ಮರಿ ಕಟ್ಟದೆ ಬೊಳ್ಳೆದ್ದಿದ್ದು ಎರಡೇ. ಫೋನು ಮಾಡಿ ಹೇಳಿದರೆ ಹಾಜಿರಾಬಿ ಸಂತೋಷಕ್ಕೆ ಅತ್ತೇಬಿಟ್ಟಳು.

ಹತ್ತೊಂಬತ್ತನೆಯ ದಿನ ಗಾಜಿನ ಒಳಮೈಯೆಲ್ಲ ಬೆವರಿತು. ಹನಿ ಇಳಿಯುವುದನ್ನು ನೋಡಿದ್ದೇ ಕೆಂಪಯ್ಯ ಮಂಚದ ತುದಿಗೆ ಸರಿದ. ಹಣ್ಣಾದ ಸೊಪ್ಪಿನ ಬ್ಯಾರನ್ನು ಹೀಗೆ ಬೆವರಿದರೆ ಕಿಂಡಿ ತೆಗೆದು ನೀರಾವಿ ಓಡಿಸಬೇಕು; ಒಂದು ಗಳಿಗೆ ತಡವಾದರೂ ಎಲೆಯೆಲ್ಲ ಕಪ್ಪು. ನಲವತ್ತು ವರ್ಷ ಅದನ್ನೇ ಮಾಡಿದ ಕೈ ತಾನಾಗಿಯೇ ಮುಂದೆ ಹೋಯಿತು. ನಾಲ್ಕೂ ಬಿರಡೆ ಕಿತ್ತ. ನೀರಿನ ಬಟ್ಟಲನ್ನೂ ಹೊರಗಿಟ್ಟ.

"ಮಾವ, ಕೊನೆ ಮೂರು ದಿನ ನೀರು ಜಾಸ್ತಿ ಮಡಗ್ಬೇಕು ಅಂತ ಫೋನಿನ ವಿಡಿಯೋದಲ್ಲಿ ಹೇಳವ್ರೆ" ಎಂದಳು ಪದ್ಮಶ್ರೀ.

"ಫೋನ್ನೋನು ಎಷ್ಟು ಬ್ಯಾರನ್ ಬೇಯಿಸವ್ನೆ, ಕೇಳಿ ನೋಡು."

ಮಾರನೆಯ ದಿನ ಇಪ್ಪತ್ತೆರಡರಲ್ಲಿ ಹದಿನಾರು ಮೊಟ್ಟೆ ಚಿಪ್ಪು ಒಡೆದವು. ಪ್ರತಿ ಚಿಪ್ಪಿನಲ್ಲೂ ಕಾಳಿನಷ್ಟು ತೂತು, ತೂತಿನಲ್ಲಿ ಒಂದು ಕೊಕ್ಕು, ಚಿಂವ್ ಚಿಂವ್. ಕೆಂಪಯ್ಯ ಮಗುವಿನ ಹಾಗೆ ನಕ್ಕ. ಆದರೆ ಮೂರು ಮರಿ ಹೊರಬಿದ್ದ ಮೇಲೆ ಉಳಿದವು ನಿಂತಲ್ಲೇ ನಿಂತವು. ಕೊಕ್ಕು ತೂತಿನಲ್ಲೇ ಇತ್ತು, ಚಿಪ್ಪು ಬಿರಿಯಲಿಲ್ಲ. ಒಳಗಿನ ಬಿಳಿಯ ಪೊರೆ ಒಣಗಿ, ಚರ್ಮ ಬಿಗಿದಂತೆ ಮರಿಗಳ ಮೈಗೆ ಅಂಟಿತ್ತು. ಆಗ ಬಟ್ಟಲು ತುಂಬಿಟ್ಟ, ಬಿರಡೆ ತುರುಕಿದ, ಒದ್ದೆ ಬಟ್ಟೆ ಹಾಸಿದ. ಇಪ್ಪತ್ತೊಂದು ಕಳೆದು ಇಪ್ಪತ್ತೆರಡನೆಯ ಬೆಳಗಿಗೆ ದನಿ ಒಂದೊಂದಾಗಿ ನಿಲ್ಲುತ್ತಾ ಬಂದಿತ್ತು. ಎದ್ದು ಹೋಗಿ ಎಲ್ಲಾದರೂ ಮುಖ ಮರೆಸೋಣವೆಂದರೆ ಕಾಲಿಲ್ಲ. ಪೆಟ್ಟಿಗೆ ಮಂಚಕ್ಕೆ ಮೊಳ ದೂರ. ಕಣ್ಣು ಮುಚ್ಚಿದರೂ ಕಿವಿಗೆ ಕೇಳುತ್ತಿತ್ತು.

ಹತ್ತು ಗಂಟೆಯ ಬಸ್ಸಿಗೆ ಹಾಜಿರಾಬಿ ಬಂದಳು. ಕಂಕುಳಲ್ಲಿ ಕುಕ್ಕೆ, ಕುಕ್ಕೆಯಲ್ಲಿ ಹಳೇ ದುಪ್ಪಟಿ.

"ಎಲ್ಲಣ್ಣ ನನ್ನ ಮಕ್ಕಳು? ಬಾಣಂತಿ ಮಂಚದ ಮೇಲೆ ಹಾಯಾಗವ್ನೆ!" ಎನ್ನುತ್ತಲೇ ಪೆಟ್ಟಿಗೆಗೆ ಬಗ್ಗಿದಳು.

ಒಂದು ಮೊಟ್ಟೆ ಎತ್ತಿ ಕಿವಿಗಿಟ್ಟಳು, ಇಳಿಸಿದಳು. ಇನ್ನೊಂದು. ಐದನೆಯದರಲ್ಲಿ ಸಣ್ಣ ದನಿ ಇತ್ತು. ಉಗುರು ಬೆಚ್ಚಗಿನ ನೀರು ತರಿಸಿ, ಸೆರಗಿನ ತುದಿ ಅದ್ದಿ, ತೂತಿನ ಸುತ್ತ ಒತ್ತುತ್ತಾ ಚಿಪ್ಪನ್ನು ಚೂರು ಚೂರೇ ಬಿಡಿಸಿದಳು. ಪೊರೆ ಎಳೆದಲ್ಲಿ ರಕ್ತದ ಹನಿ ಮೂಡಿತು. ಕೈ ನಿಲ್ಲಿಸಿದಳು. ಆ ದನಿಯೂ ನಿಂತಿತು.

"ತಪ್ಪು ನಂದೇ ಕಣಣ್ಣ" ಎಂದಳು. "ಅವತ್ತು ಬಸ್ಸಲ್ಲಿ ತರಬಾರ್ದಾಗಿತ್ತು. ಆ ಡ್ರೈವರು ಒಂದು ಹಳ್ಳ ಬುಡ್ನಿಲ್ಲ, ಎಲ್ಲಾ ಕುಲುಕಾಕ್ಬುಟ್ಟ. ಆಟೋ ಮಾಡ್ಕಂಡು ಬಂದಿದ್ರೆ ಉಳ್ಕತಿದ್ವು."

ಕೆಂಪಯ್ಯ ಹೌದು ಎಂದರೂ ಸಾಕು, ಸುಮ್ಮನಿದ್ದರೂ ಸಾಕು, ತಪ್ಪು ಬಸ್ಸಿನದೇ ಆಗಿ ಉಳಿಯುತ್ತಿತ್ತು. ನೀರಿನ ಚೊಂಬು ಹಿಡಿದು ನಿಂತಿದ್ದ ಪದ್ಮಶ್ರೀ ನೆಲ ನೋಡುತ್ತಿದ್ದಳು. ಅವಳು ಬಾಯಿ ಬಿಡುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

"ನಮ್ಮತ್ತೆ ಸಾಯುವಾಗ ಈ ಕೋಳಿ ಜಾತಿ ಕೆಡಿಸ್ಬೇಡ ಅಂದಿದ್ಲು. ಒಂದು ಆಟೋ ಮಾಡ್ದೇ ಹೋದೆ ನೋಡು" ಎಂದು ಹಾಜಿರಾಬಿ ಮತ್ತೆ ತನ್ನನ್ನೇ ಹಳಿದುಕೊಂಡಳು.

"ಬಸ್ಸಲ್ಲ ಕಣವ್ವ." ಕೆಂಪಯ್ಯ ಬಟ್ಟಲಿನ ಕಡೆ ಕೈ ತೋರಿಸಿದ. "ನಾನು. ಕಿಂಡಿ ತೆಗ್ದೆ, ನೀರು ಎತ್ತಿಟ್ಟೆ. ಸೊಸೆ ಬ್ಯಾಡ ಅಂದ್ರೂ ಕೇಳ್ನಿಲ್ಲ. ಬೆವರ್ತಲ್ಲ, ಕಪ್ಪಾಯ್ತದೆ ಅಂದ್ಕಂಡೆ."

"ಕಪ್ಪಾ?" ಅವಳಿಗೆ ಅರ್ಥವಾಗಲು ಗಳಿಗೆ ಹಿಡಿಯಿತು. "ಅವು ಕಪ್ಪೇ ಆಗ್ಬೇಕಿತ್ತಲ್ಲಣ್ಣ. ನನ್ನ ಕೋಳಿನ ಸೊಪ್ಪು ಅಂದ್ಕಂಡ್ಯಾ ನೀನು?"

ಅವನು ಬಿರಡೆಯೊಂದನ್ನು ಕಿಂಡಿಗೆ ಮತ್ತೆ ಒತ್ತಿದ.

"ನೀನು ಹೇಳ್ದೆ ಇದ್ದಿದ್ರೆ ದಾರಿ ಉದ್ದಕೂ ಆ ಡ್ರೈವರ್‌ನ ಬೈಕಂಡು ಹೋಗಿರೋಳು ನಾನು."

"ಮೂರನ್ನೂ ತಗಂಡೋಗವ್ವ. ನಂಗೆ ವಾರ ಬ್ಯಾಡ."

"ತಗಂಡೋಗಿ ಯಾವ ರೆಕ್ಕೆ ಕೆಳಗೆ ಮಡಗ್ಲಿ? ತಾಯಿಲ್ಲ. ನಮ್ಮನೇಲಿ ಬಲ್ಬಿನ ಪೆಟ್ಟಿಗೆ ಇಲ್ಲ. ಈ ಜಡಿಮಳೇಲಿ ನಾಳೆ ಒತ್ತಾರೆಗೆ ಸೆಟ್ಕಂಡು ಬಿದ್ದಿರ್ತವೆ." ದುಪ್ಪಟಿ ಮಡಿಸಿ ಕುಕ್ಕೆಗೆ ತುರುಕಿದಳು. "ಇಲ್ಲೇ ಇರ್ಲಿ. ಗರಿ ಬಲಿಯೋಗಂಟ ನೀನೇ ಕಾಯಿ. ನೀರು ನಿನ್ನ ಕೈಲಿ, ಬೆಂಕಿ ನಿನ್ನ ಕೈಲಿ. ದೀಪಾವಳಿ ಕಳುದ್ ಮೇಲೆ ಬತ್ತೀನಿ. ಅಲ್ಲಿಗಂಟ ನೀನು ನಂಗೆ ಕೊಡ್ಬೇಕಾದ್ದು ಹಂಗೇ ಇರ್ತದೆ."

"ಅಷ್ಟರಲ್ಲಿ ಏನಾರ ಆದ್ರೆ?"

ಹಾಜಿರಾಬಿ ಚಪ್ಪಲಿ ಮೆಟ್ಟಿಕೊಂಡಳು. ಪದ್ಮಶ್ರೀ ಕಾಫಿಗೆ ಕರೆದರೂ ನಿಲ್ಲಲಿಲ್ಲ. ಖಾಲಿ ಕುಕ್ಕೆ ಬಾಗಿಲಿನ ಚೌಕಟ್ಟಿಗೆ ತಗುಲಿ ಸದ್ದಾಯಿತು, ಅಷ್ಟೆ.

ಹೊರಗೆ ಕಡ್ಡಿಗಳೆಲ್ಲ ಏರಿದ್ದವು. ಮಹೇಂದ್ರ ಒಲೆಗೆ ಬೆಂಕಿ ಇಟ್ಟಿರಬೇಕು, ಕಿಟಕಿಯಲ್ಲಿ ಹೊಗೆ ಕಾಣಿಸಿತು. ಕೆಂಪಯ್ಯ ಅತ್ತ ನೋಡಲಿಲ್ಲ. ಮರಿಗಳಿಗೆ ನೀರು ಕುಡಿಯುವುದು ತಾನಾಗಿ ಬರುವುದಿಲ್ಲ, ಕೊಕ್ಕು ಅದ್ದಿ ತೋರಿಸಬೇಕು. ಮೊದಲನೆಯದನ್ನು ಎತ್ತಿ ಬಾಟಲಿ ಮುಚ್ಚಳದ ನೀರಿಗೆ ಮುಟ್ಟಿಸಿದ, ತಲೆಯೆತ್ತಿ ನುಂಗಿತು. ಎರಡನೆಯದೂ ನುಂಗಿತು. ಮೂರನೆಯದು ಕಣ್ಣು ಮುಚ್ಚಿಕೊಂಡು ಅವನ ಅಂಗೈಯಲ್ಲೇ ಕುಸಿಯಿತು. ಅದರ ಕೊಕ್ಕನ್ನು ಅವನು ಮತ್ತೊಮ್ಮೆ ನೀರಿಗೆ ಮುಟ್ಟಿಸಿದ, ಮತ್ತೊಮ್ಮೆ.