ಒಂದೂ ಸಾವಿಲ್ಲದ ವರ್ಷ

"ಕೈ ಮೇಲೆತ್ತೇ, ಕತ್ತೆ! ಬಾಟ್ಲಿ ಮೇಲಿದ್ರೆ ತಾನೇ ನೀರು ಇಳಿಯೋದು? ಅಷ್ಟೂ ತಿಳಿಯಲ್ವಾ ನಿನಗೆ?"

ಗಣಿಯ ದವಾಖಾನೆಯ ಕಾಂಪೌಂಡರ್ ನನ್ನ ಮೊಣಕೈಗೆ ಗುದ್ದಿ ಕೈಯನ್ನು ಮೇಲಕ್ಕೆ ನೂಕಿದ. ಗ್ಲೂಕೋಸ್ ಬಾಟಲಿಯನ್ನು ತಲೆಗಿಂತ ಎತ್ತರಕ್ಕೆ ಹಿಡಿದೆ. ನೀರು ಇಳಿಯಲಿಲ್ಲ. ಅದು ಇಳಿಯುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮಂಚದ ಮೇಲೆ, ರಕ್ತ ಕಾಣದಂತೆ ಹೊದಿಸಿದ ಕಂಬಳಿಯಡಿ ಮಲಗಿದ್ದವನು ನನ್ನ ತಮ್ಮ. ಅವನ ಎಡಗಣ್ಣು ಅರ್ಧ ತೆರೆದಿತ್ತು. ಕಣ್ಣುಗುಡ್ಡೆಯ ಮೇಲೆ ಕಲ್ಲಿದ್ದಲಿನ ಪುಡಿ ಕೂತಿತ್ತು. ಜೀವ ಇರುವವನು ಯಾವನಾದರೂ ಅಷ್ಟು ಪುಡಿ ಕಣ್ಣಲ್ಲಿಟ್ಟುಕೊಂಡು ರೆಪ್ಪೆ ಬಡಿಯದೆ ಇರುತ್ತಾನೆಯೇ?

"ಸತ್ತವನಿಗೆ ಯಾಕಯ್ಯಾ ಗ್ಲೂಕೋಸು?" ಎಂದೆ.

"ಸತ್ತ ಅನ್ನೋಕೆ ನೀನ್ಯಾವಳೇ? ಡಾಕ್ಟ್ರಾ? ಕಲ್ಲು ಆರಿಸೋಳು ಕಲ್ಲು ಆರಿಸ್ಕೊಂಡಿರು. ಉಸಿರಿದೆ. ನಾನು ಹೇಳ್ತಿದೀನಿ, ಉಸಿರಿದೆ."

ನಮ್ಮ ಗಣಿಯೊಳಗೆ ಯಾರೂ ಸಾಯುವುದಿಲ್ಲ. ಎಲ್ಲರೂ ದೊಡ್ಡಾಸ್ಪತ್ರೆಗೆ ಹೋಗುವ ದಾರಿಯಲ್ಲಿ ಸಾಯುತ್ತಾರೆ. ತಲೆ ಜಜ್ಜಿಹೋದವನಿಗೂ ಸೂಜಿ ಚುಚ್ಚಿ, ಬಾಟಲಿ ಕಟ್ಟಿ, ಆಂಬುಲೆನ್ಸಿನಲ್ಲಿ ಹಿಂದಿನ ಗೇಟಿನಿಂದ ಸಾಗಹಾಕುತ್ತಾರೆ. ಹೀಗೆ ಹೋದವನು ದಾರಿಯಲ್ಲಿ ಎಲ್ಲೋ ಸತ್ತ ಎಂದಾಗುತ್ತದೆ. ಆ ಎಲ್ಲೋ ಎಂಬುದು ಗಣಿಯಲ್ಲ, ಅಷ್ಟೇ. ಇವತ್ತು ಮಾತ್ರ ಆಂಬುಲೆನ್ಸು ಮಂತ್ರಿಯ ಕಾರುಗಳ ಹಿಂದೆ ಬರಲು ಹೋಗಿತ್ತು. ಬಾಟಲಿ ನೇತುಹಾಕುವ ಕಬ್ಬಿಣದ ಸ್ಟ್ಯಾಂಡನ್ನೂ ಲೌಡ್‌ಸ್ಪೀಕರ್ ಕಟ್ಟಲು ಒಯ್ದಿದ್ದರು. ಹಾಗಾಗಿ ಸ್ಟ್ಯಾಂಡಿನ ಜಾಗದಲ್ಲಿ ನಾನು ನಿಂತಿದ್ದೆ.

ಕಿಟಕಿಯಾಚೆ ಪೆಂಡಾಲು ಕಾಣುತ್ತಿತ್ತು. ವಿದ್ಯುತ್ತು ಮತ್ತು ಗಣಿಯ ಮಂತ್ರಿ ಬರುವವನಿದ್ದ. ಈ ವರ್ಷ ಎಷ್ಟು ಕಲ್ಲಿದ್ದಲು ತೆಗೆದೆವು, ಎಷ್ಟು ಕರೆಂಟು ಮಾಡಿದೆವು, ಮುಂದೆ ಎಷ್ಟು ಮಾಡುತ್ತೇವೆ ಎಂದು ಓದಿ, ಹೊಸ ಪವರ್ ಪ್ಲಾಂಟಿಗೆ ಕಲ್ಲಿದ್ದಲು ಒಯ್ಯುವ ಹೊಸ ಬೆಲ್ಟಿನ ಗುಂಡಿ ಒತ್ತುತ್ತಾನಂತೆ. ಜೊತೆಗೆ ನಮ್ಮ ಗಣಿಗೆ ಒಂದು ಬೆಳ್ಳಿಯ ಫಲಕ. ಯಾಕೆಂದರೆ ವರ್ಷವಿಡೀ ಇಲ್ಲಿ ಒಂದೂ ಸಾವಾಗಿಲ್ಲ. ಆ ವರ್ಷ ಇವತ್ತಿಗೆ ಮುಗಿಯುತ್ತದೆ. ನನ್ನ ತಮ್ಮನಿಗೆ ಸಾಯಲು ಇವತ್ತೇ ಬೇಕಾಗಿತ್ತು.

ಬಾಗಿಲಲ್ಲಿ ಕಂಬದ ಮಾವ ನಿಂತಿದ್ದ. ಗಣಿಯ ಸೂರು ಬೀಳದ ಹಾಗೆ ಮರದ ಕಂಬ ಕೊಡುವವನು. ತಮ್ಮನನ್ನು ಹೆಗಲ ಮೇಲೆ ಹೊತ್ತು ಮೇಲೆ ತಂದವನೂ ಅವನೇ. ಅವನ ಅಂಗಿಯ ತುಂಬ ತಮ್ಮನ ರಕ್ತ.

"ಬೆಳಿಗ್ಗೆನೇ ಹೇಳ್ದೆ ಕಣಮ್ಮಾ," ಎಂದ. "ಕೋಲಲ್ಲಿ ತಟ್ಟಿ ನೋಡ್ದೆ, ಸೂರು ಟೊಳ್ಳು ಟೊಳ್ಳು ಅಂತು. ಕಂಬ ಕೀಳ್ಬೇಡಿ, ಮೈಮೇಲೆ ಬರತ್ತೆ ಅಂದೆ. ಸೂಪರ್‌ವೈಸರ್ ಬೋಳಿಮಗ ಏನಂದ ಗೊತ್ತಾ? ಮಂತ್ರಿ ಕೈಗೆ ಕೊಡೋ ಕಾಗದದಲ್ಲಿ ಆಗ್ಲೇ ಲೆಕ್ಕ ಅಚ್ಚಾಗಿದೆ, ಅಷ್ಟು ಮಾಲು ಮೇಲೆ ಬರ್ಲೇಬೇಕು, ಕಂಬದ ಹಿಂದಿರೋ ಕಲ್ಲಿದ್ದಲೂ ಬೇಕು, ಕೀಳು ಅಂದ. ನಾನು ಕೀಳಲಿಲ್ಲ. ಇವನ ಕೈಲಿ ಕೀಳಿಸ್ದ."

"ನೀನಾದ್ರೂ ತಡೀಬಾರ್ದಿತ್ತಾ, ಮಾವಾ?"

"ತಡೆದೆ. ಕೈ ಹಿಡ್ಕೊಂಡೆ. 'ಬಿಡು ಮಾವಾ, ಕ್ವಾರ್ಟರ್ಸು ಕಿತ್ಕೋತಾರೆ' ಅಂದ."

ಬಾಟಲಿಯನ್ನು ಕಾಂಪೌಂಡರನ ತಲೆಗೇ ಬಿಡೋಣ ಎನ್ನಿಸಿತು. ಅಷ್ಟರಲ್ಲಿ ದೊಡ್ಡ ಸಾಹೇಬ ಒಳಗೆ ಬಂದ. ಗಣಿಗೆಲ್ಲ ಅವನೇ ಯಜಮಾನ. ಹೊಸ ಕೋಟು, ಎದೆಗೆ ರಿಬ್ಬನ್ನಿನ ಹೂವು, ಮೂಗಿಗೆ ಕರವಸ್ತ್ರ. ಕಂಬದ ಮಾವನನ್ನು ನಾಯಿಯ ಹಾಗೆ ಹೊರಗಟ್ಟಿ ಬಾಗಿಲು ಹಾಕಿಸಿದ. ತಮ್ಮನ ಕಡೆಗೆ ಕಣ್ಣೆತ್ತಿಯೂ ನೋಡಲಿಲ್ಲ.

"ಇವನ ಹೆಂಡ್ತಿ ಎಲ್ಲಿ?"

"ಪೆಂಡಾಲಿನ ಹಿಂದೆ ಕಪ್ಪು ತೊಳೀತಿದಾಳೆ ಸಾರ್. ಹೇಳಿ ಕಳಿಸಿದೀನಿ," ಎಂದ ಕಾಂಪೌಂಡರ್.

ಸಾಹೇಬ ನನ್ನ ಕಡೆ ತಿರುಗಿದ. "ನೋಡಮ್ಮ, ನೀನು ದೊಡ್ಡವಳು, ಅವಳಿಗೆ ನೀನೇ ಬುದ್ಧಿ ಹೇಳು. ಇವತ್ತೊಂದಿನ ಇವನು ಬದುಕಿರ್ಲಿ. ನಾಳೆ ಬೆಳಿಗ್ಗೆ ಏನಾದ್ರೂ ಆದ್ರೆ ಆಮೇಲೆ ನೋಡ್ಕೊಳ್ಳೋಣ."

"ಬದುಕಿರ್ಲಿ ಅಂತ ನಾನೂ ಬೆಳಿಗ್ಗೆ ಬೇಡ್ಕೊಂಡೇ ಕಳಿಸಿದ್ದೆ, ಸಾಹೇಬ್ರೇ. ನಿಮ್ಮೋರೇ ಕೊಂದ್ಹಾಕಿದ್ರು."

"ಬಾಯಿ ಮುಚ್ಚೇ! ಎದುರು ಮಾತಾಡೋಕೆ ಬಂದ್ಬಿಟ್ಳು, ಲೌಡಿ."

ನಾನು ಬಾಯಿ ತೆರೆಯುವಷ್ಟರಲ್ಲಿ ತಮ್ಮನ ಹೆಂಡತಿ ಬಂದಳು. ನಮ್ಮ ಸಾಲಿನಲ್ಲಿ ಅವಳಿಗೆ ರೇಡಿಯೋ ಎಂದು ಹೆಸರು. ಒಮ್ಮೆ ಶುರುವಾದರೆ ಆರಿಸುವ ಗುಂಡಿ ಯಾವುದೆಂದು ಯಾರಿಗೂ ಗೊತ್ತಿಲ್ಲ. ಕೈತುಂಬ ಸೋಪಿನ ನೊರೆ. ಮಾತಾಡಿಕೊಂಡೇ ಬಾಗಿಲು ದಾಟಿದಳು.

"ತಲೆ ಸುತ್ತು ಬಂತಂತೆ? ಬರ್ದೆ ಏನು ಮಾಡತ್ತೆ, ಬುತ್ತಿ ಮನೇಲೇ ಬಿಟ್ಟು ಹೋದ್ರೆ? ಬಾಯಿ ಬಡ್ಕೊಂಡೆ ಅತ್ತಿಗೆ, ಹಸಿದ ಹೊಟ್ಟೇಲಿ ಇಳೀಬೇಡಿ ಅಂತ. ನನ್ನ ಮಾತು ಯಾವತ್ತು ಕಿವಿಗೆ ಹಾಕ್ಕೊಂಡಿದಾರೆ ನಿಮ್ಮ ತಮ್ಮ? ಆ ಕಪ್ಪುಗಳೋ, ಒಂದೊಂದು ಮೂರು ಸಲ ತೊಳೆದ್ರೂ ಆ ಅಡುಗೆಯವನಿಗೆ ಸಾಲ್ದು. ಏನ್ರೀ, ಏಳ್ರೀ..."

ಅವನ ಪಾದ ಮುಟ್ಟಿದಳು. ಮಾತು ನಿಂತುಹೋಯಿತು. ಮದುವೆಯಾಗಿ ಬಂದಾಗಿನಿಂದ ಅವಳ ಬಾಯಿ ಹಾಗೆ ಮುಚ್ಚಿದ್ದನ್ನು ನಾನು ನೋಡಿರಲಿಲ್ಲ.

"ಅತ್ತಿಗೆ, ಕಾಲು ತಣ್ಣಗಿದೆ."

"ಎಚ್ಚರ ತಪ್ಪಿದೆ ಅಷ್ಟೇ, ತಾಯೀ," ಎಂದ ಸಾಹೇಬ. ತಾಯಿಯಂತೆ! "ಮಂತ್ರಿಗಳು ಹೋದ ತಕ್ಷಣ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ. ನೀನು ಇಲ್ಲಿ ಅಳೋ ಹಾಗಿಲ್ಲ. ಒಂದು ಸದ್ದು ಬರಬಾರ್ದು. ಸುಮ್ಮನಿದ್ರೆ ಇವನ ಕೆಲಸ ನಿನಗೆ ಕೊಡಿಸ್ತೀನಿ, ಕ್ವಾರ್ಟರ್ಸಲ್ಲೂ ಇರಬಹುದು."

"ದಾರೀಲಿ ಸತ್ತ ಪಂಪಿನವನ ಹೆಂಡ್ತಿಗೂ ಹೀಗೇ ಅಂದಿದ್ರಿ," ಎಂದೆ ನಾನು.

"ಅದು ಬೇರೆ ಕೇಸು."

ಬೇರೆ ಕೇಸಂತೆ ಬೇರೆ ಕೇಸು! ಅವಳು ಈಗಲೂ ದಿನಾ ಗೇಟಿನ ಹತ್ತಿರ ಬಂದು ನಿಲ್ಲುತ್ತಾಳೆ. ವಾಚ್‌ಮನ್ ಅವಳಿಗೆ ಕಲ್ಲು ಎಸೆಯುತ್ತಾನೆ.

"ರಂಪ ಮಾಡಿದ್ರೆ ಮಾತ್ರ ನನ್ನನ್ನು ಕೇಳ್ಬೇಡ," ಸಾಹೇಬನ ದನಿ ಬದಲಾಯಿತು. "ಕುಡಿದು ಇಳಿದಿದ್ದ ಅಂತ ಬರೆದು ಬಿಸಾಕ್ತೀನಿ. ನಾಳೆನೇ ಗಂಟುಮೂಟೆ ಕಟ್ಟು."

ತಮ್ಮ ಕುಡಿಯುತ್ತಿದ್ದ, ಸುಳ್ಳು ಯಾಕೆ ಹೇಳಲಿ. ರಜೆಯ ದಿನ ಕುಡಿದು ಬಂದು ಹೆಂಡತಿಯ ಕಾಲಿಗೆ ಬಿದ್ದು ಅಳುತ್ತಿದ್ದ. ಆದರೆ ಕೆಳಗಿಳಿಯುವ ದಿನ ತೊಟ್ಟು ಮುಟ್ಟಿದವನಲ್ಲ. ಅವನ ಬಾಯಿಯ ಹತ್ತಿರ ಮೂಗಿಟ್ಟು ನೋಡಲಿ ಬೇಕಾದರೆ, ಆ ಕರವಸ್ತ್ರ ತೆಗೆದು.

ಸಾಹೇಬನಿಗೆ ಅಳು ಎಂದರೆ ಯಾಕಷ್ಟು ಹೆದರಿಕೆ ಎಂದು ನನಗೆ ಗೊತ್ತಿತ್ತು. ಇಲ್ಲಿ ಹೆಣ ನೆಲದ ಮೇಲಿರುವಾಗ ಯಾರೂ ಕೆಲಸ ಮಾಡುವುದಿಲ್ಲ. ನಮ್ಮ ಅಜ್ಜಂದಿರ ಕಾಲದಿಂದ ನಡೆದು ಬಂದದ್ದು. ಅದಕ್ಕೆ ಯೂನಿಯನ್ ಬೇಡ, ನೋಟೀಸು ಬೇಡ. ಒಬ್ಬಳು ಸಾವಿನ ದನಿಯಲ್ಲಿ ಅತ್ತರೆ ಸಾಕು. ಬೆಲ್ಟಿನ ಪಕ್ಕ ಕೂತು ಕಲ್ಲಿದ್ದಲಿನಿಂದ ಕಲ್ಲು ಆರಿಸುವ ಹೆಂಗಸರು ಆ ಅಳುವನ್ನು ಎತ್ತಿಕೊಳ್ಳುತ್ತಾರೆ, ಹಗ್ಗ ಎಳೆದು ಬೆಲ್ಟು ನಿಲ್ಲಿಸುತ್ತಾರೆ, ಕೆಳಗಿದ್ದ ಗಂಡಸರು ಮೇಲೆ ಬರುತ್ತಾರೆ. ಅದಕ್ಕೇ ಹೆಣಗಳಿಗೆ ಬಾಟಲಿ ಕಟ್ಟುವುದು. ಬಾಟಲಿ ಇರುವವರೆಗೆ ಅಳುವಂತಿಲ್ಲವಲ್ಲ.

ಹೊರಗೆ ಕಾರುಗಳು ಬಂದವು. ಚಪ್ಪಾಳೆ ಕೇಳಿಸಿತು. ಸಾಹೇಬ ಕಾಂಪೌಂಡರನನ್ನು ಬಾಗಿಲಿಗೆ ನಿಲ್ಲಿಸಿ ಓಡಿದ. ಲೌಡ್‌ಸ್ಪೀಕರಿನಲ್ಲಿ ಮಂತ್ರಿಯ ದನಿ ಶುರುವಾಯಿತು. ಹೋದ ವರ್ಷಕ್ಕಿಂತ ಹೆಚ್ಚು ಕಲ್ಲಿದ್ದಲು. ಹೋದ ವರ್ಷಕ್ಕಿಂತ ಹೆಚ್ಚು ವಿದ್ಯುತ್ತು. ಕತ್ತಲೆಯೇ ಇಲ್ಲದ ನಾಡು. ನಮ್ಮ ಸಾಲಿನ ಮನೆಗಳಲ್ಲಿ ವಾರದಿಂದ ದೀಪ ಇಲ್ಲ, ಪೆಂಡಾಲಿಗೆ ಎಳೆದುಕೊಂಡಿದ್ದರು.

ತಮ್ಮನ ಹೆಂಡತಿ ಅವನ ಕಣ್ಣಿನ ಪುಡಿಯನ್ನು ತನ್ನ ಒದ್ದೆ ಬೆರಳಿನಿಂದ ಒರೆಸುತ್ತಿದ್ದಳು. ಒರೆಸಿದಷ್ಟೂ ಇತ್ತು.

"ಅತ್ತಿಗೆ, ನೀವು ನಂಗೆ ಸುಳ್ಳು ಹೇಳಲ್ಲ. ಹೋಗ್ಬಿಟ್ರಾ?"

ಹೂಂ ಎಂದರೆ ಅವಳ ಮನೆ ಹೋಗುತ್ತದೆ. ಸಿಗುವುದೋ ಇಲ್ಲವೋ ಆ ಕೆಲಸವೂ ಹೋಗುತ್ತದೆ. ನನ್ನ ಕೆಲಸ ಉಳಿಯುತ್ತದೆಯೇ? ಅದೂ ಇಲ್ಲ. ಇಲ್ಲ ಎಂದರೆ ನನ್ನ ತಮ್ಮ, ನಾನು ಸೊಂಟದ ಮೇಲೆ ಹೊತ್ತು ಬೆಳೆಸಿದ ಕೂಸು, ಎಲ್ಲೋ ದಾರಿಯಲ್ಲಿ ಕುಲಗೆಟ್ಟ ನಾಯಿಯ ಹಾಗೆ ಸಾಯುತ್ತಾನೆ. ಸತ್ತ ಮೇಲೂ ಇವರ ಕೂಲಿ ಮಾಡಬೇಕೇ ಅವನು?

"ಹೋದ ಕಣೇ. ಕೆಳಗೇ ಹೋದ. ಕಂಬ ಕೀಳಿಸಿ ಕೊಂದ್ರು."

ಲೌಡ್‌ಸ್ಪೀಕರು ಹೇಳುತ್ತಿತ್ತು: "...ಈ ಗಣಿಯಲ್ಲಿ ಇಡೀ ವರ್ಷ ಒಂದೇ ಒಂದು ಸಾವು ಸಂಭವಿಸಿಲ್ಲ ಎಂದು ತಿಳಿಸಲು ನನಗೆ ಹೆಮ್ಮೆಯಾಗುತ್ತಿದೆ."

ಅವಳು ಅತ್ತಳು. ಕರುಳು ಕಿತ್ತು ಬರುವ ಹಾಗೆ, ಬಾಯಿ ಅಗಲಿಸಿ, ಅವನನ್ನು ಕೂಗಿ ಕರೆದು ಅತ್ತಳು. ಕಾಂಪೌಂಡರ್ ಹಾರಿ ಬಂದು ಅವಳ ಬಾಯಿ ಅದುಮಿದ. ಅವಳು ಕಚ್ಚಿದಳು. "ಅಯ್ಯೋ ಸೂಳೆಮುಂಡೆ!" ಎಂದು ಅವನು ಕೈ ಕೊಡವುತ್ತಿದ್ದಂತೆ ನಾನು ಬಾಟಲಿಯನ್ನು ಗೋಡೆಗೆ ಬೀಸಿ ಒಡೆದೆ, ತಮ್ಮನ ಕೈಯಿಂದ ಸೂಜಿ ಕಿತ್ತೆಸೆದೆ. ಕಿಟಕಿಯ ಕಂಬಿ ಹಿಡಿದು, ಬೆಲ್ಟಿನ ಕಡೆ ಮುಖ ಮಾಡಿ, ಎದೆ ಬಡಿದುಕೊಂಡು ದನಿ ತೆಗೆದೆ.

ಬೆಲ್ಟಿನ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಮೊದಲು ಒಬ್ಬಳು ತಲೆಯೆತ್ತಿದಳು. ಮೂಗಿಗೆ ಕಟ್ಟಿದ್ದ ಬಟ್ಟೆಯನ್ನು ಕೆಳಗೆಳೆದಳು. ಆಮೇಲೆ ಇನ್ನೊಬ್ಬಳು. ಅಳು ಸಾಲಿನುದ್ದಕ್ಕೂ ಹೊತ್ತಿಕೊಂಡಿತು. ಯಾವಳೋ ಹಗ್ಗ ಎಳೆದಳು. ಹಗ್ಗ ಎಳೆದರೆ ಆ ದಿನದ ಕೂಲಿ ಇಲ್ಲ, ಗೊತ್ತಿದ್ದೇ ಎಳೆದಳು, ಅವಳ ಹೊಟ್ಟೆ ತಣ್ಣಗಿರಲಿ. ಬೆಲ್ಟು ಗಕ್ಕನೆ ನಿಂತಿತು.

ಪೆಂಡಾಲಿನವರಿಗೆ ಇನ್ನೂ ಗೊತ್ತಾಗಿರಲಿಲ್ಲ. ಮಂತ್ರಿ ಗುಂಡಿ ಒತ್ತಿದ. ಹೂವಿನ ಹಾರ ಹಾಕಿಸಿಕೊಂಡ ಹೊಸ ಬೆಲ್ಟು ಓಡತೊಡಗಿತು. ಚಪ್ಪಾಳೆ ಬಿತ್ತು. ನಮ್ಮ ಬೆಲ್ಟು ನಿಂತಿದ್ದರಿಂದ ಅದರ ಮೇಲೆ ಒಂದು ಹಿಡಿ ಕಲ್ಲಿದ್ದಲೂ ಇರಲಿಲ್ಲ. ಖಾಲಿ ಬೆಲ್ಟು ಅಷ್ಟು ದೊಡ್ಡವರೆದುರು ಪವರ್ ಪ್ಲಾಂಟಿನ ಕಡೆಗೆ ಓಡಿತು, ಓಡುತ್ತಲೇ ಇತ್ತು. ಚಪ್ಪಾಳೆ ಒಂದೊಂದಾಗಿ ನಿಂತಿತು. ಅಳು ಮಾತ್ರ ಕೇಳಿಸುತ್ತಿತ್ತು.

ಸಾಹೇಬ ಏದುಸಿರು ಬಿಡುತ್ತ ಬಂದ. ಹಿಂದೆ ಆಂಬುಲೆನ್ಸು, ಮಂತ್ರಿಯ ಬೆಂಗಾವಲಿನ ಪೊಲೀಸರು. "ಎತ್ರೋ, ಎತ್ರೋ! ಹಿಂದಿನ ಗೇಟು!" ಪೊಲೀಸರು ನಮ್ಮಿಬ್ಬರನ್ನು ಗೋಡೆಗೆ ಒತ್ತಿ ಹಿಡಿದರು. ತಮ್ಮನನ್ನು ಮೂಟೆಯ ಹಾಗೆ ಎತ್ತಿ ಒಳಗೆ ಹಾಕಿದರು. ಸೈರನ್ ಕೂಗಿತು.

ಗಾಡಿ ಹಿಂದಿನ ಗೇಟಿನವರೆಗೆ ಹೋಯಿತು, ಆಮೇಲೆ ಹೋಗಲಿಲ್ಲ. ನಾವಿಬ್ಬರೂ ಕೊಸರಿಕೊಂಡು ಓಡಿ ಬಂದು ನೋಡಿದರೆ ಬೆಲ್ಟಿನ ಹೆಂಗಸರು ಗೇಟಿಗೆ ಅಡ್ಡ ಕೂತಿದ್ದರು. ಅವರ ಹಿಂದೆ ಕೆಳಗಿನಿಂದ ಬಂದ ಗಂಡಸರು, ತಲೆಯ ಟೊಪ್ಪಿಗೆ ಕೈಯಲ್ಲಿ ಹಿಡಿದು. ಎಲ್ಲರ ಮುಂದೆ ಕಂಬದ ಮಾವ ನೆಲಕ್ಕೆ ಅಂಟಿದಂತೆ ಕೂತಿದ್ದ.

ಡ್ರೈವರ್ ಹಾರ್ನ್ ಒತ್ತಿ ಒತ್ತಿ ಸೋತು ತಲೆ ಹೊರಗೆ ಹಾಕಿದ. "ಮನುಷ್ಯರೇನ್ರೋ ನೀವು? ಒಳಗೆ ಪೇಷೆಂಟ್ ಇದಾನೆ, ಅರ್ಜೆಂಟು! ದಾರಿ ಬಿಡ್ರೋ!"

ತಮ್ಮನ ಹೆಂಡತಿ ಗಾಡಿಯ ಮುಂದೆ ಹೋಗಿ ನಿಂತಳು. ಅವಳ ಗಂಟಲು ಒಡೆದುಹೋಗಿತ್ತು.

"ಒಳಗೆ ಪೇಷೆಂಟಿಲ್ಲ ಕಣಯ್ಯಾ. ಹೆಣ ಇದೆ. ಹೆಣಕ್ಕೇನೂ ಅವಸರ ಇಲ್ಲ. ಎಂಜಿನ್ ಆರ್ಸು."

ಹೇಳಿ, ಅವಳೂ ನಮ್ಮ ನಡುವೆ ಕೂತಳು. ಪೆಂಡಾಲಿನ ಕಡೆಯಿಂದ ಪೊಲೀಸರು ಲಾಠಿ ಹಿಡಿದು ಓಡಿ ಬರುತ್ತಿದ್ದರು. ನಾವು ಮತ್ತೆ ಅಳಲು ಶುರು ಮಾಡಿದೆವು.