ಎಮಿಲ್ ಕೋಹುಟನ ಎಡಗೈ

ಎಮಿಲ್ ಕೋಹುಟ್ ಆಟ ಮುಗಿಸಿ ಮನೆಗೆ ನಡೆದು ಬರುವಾಗ ಬೀದಿಯ ನಾಯಿಗಳು ಮೆರವಣಿಗೆ ಹೊರಟಂತೆ ಅವನ ಹಿಂದೆ ಬರುತ್ತಿದ್ದವು. ಅವನ ಮೇಲಿನ ಪ್ರೀತಿಗಲ್ಲ, ಅವನ ಎಡಗೈಗೆ ಅಂಟಿದ್ದ ಹಸಿಮಾಂಸದ ವಾಸನೆಗೆ. ಬೇಸ್‌ಬಾಲ್ ಆಟದಲ್ಲಿ ಬ್ಯಾಟು ಹಿಡಿದವನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು, ಗುಂಡಿನಂತೆ ಬರುವ ಚೆಂಡನ್ನು ಅಂಗೈಗೆ ಹಾಕಿಕೊಳ್ಳುವ ಕ್ಯಾಚರ್ ಅವನು. ಉಳಿದವರೆಲ್ಲ ಕೈಗವಸಿನೊಳಗೆ ಸ್ಪಂಜು ಇಟ್ಟುಕೊಳ್ಳುವ ಕಾಲ ಬಂದಿದ್ದರೂ ಎಮಿಲ್ ಮಾತ್ರ ಹಳಬರಂತೆ ದನದ ಮಾಂಸದ ತೆಳುವಾದ ತುಂಡನ್ನೇ ಇಟ್ಟುಕೊಳ್ಳುತ್ತಿದ್ದ. ಸ್ಪಂಜು ಚೆಂಡನ್ನು ಹಿಂದಕ್ಕೆ ನೂಕುತ್ತದೆ, ಮಾಂಸ ಅದನ್ನು ಒಳಗೆ ಕರೆದುಕೊಳ್ಳುತ್ತದೆ ಎಂಬುದು ಅವನ ಸಿದ್ಧಾಂತ.

ಆ ಮಾಂಸವನ್ನು ಕೊಂಡು ತಂದು, ಮರದ ಕೊಡತಿಯಿಂದ ಬಡಿದು, ಅಂಗೈಯ ಅಳತೆಗೆ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಡುತ್ತಿದ್ದವಳು ಹೆಂಡತಿ ಇರ್ಮಾ. ಸಿದ್ಧಾಂತ ಅವನದು, ಕೊಡತಿ ಅವಳದು. ಮನೆಗೆ ಬಂದ ಒಳ್ಳೆಯ ತುಂಡು ಕೈಗವಸಿಗೆ ಹೋದರೆ ಅಂಚಿನ ಚೂರು, ಮೂಳೆ, ಎಲೆಕೋಸು ಸೇರಿ ಮಕ್ಕಳಿಗೆ ಸಾರಾಗುತ್ತಿತ್ತು. ಸಂಜೆ ಬೀದಿಯ ತುದಿಯಲ್ಲಿ ಅವನು ಕಾಣಿಸಿದಾಗ ಅವಳ ಕಣ್ಣು ಮೊದಲು ಹುಡುಕುತ್ತಿದ್ದದ್ದು ಗಂಡನ ಮುಖವನ್ನಲ್ಲ, ನಾಯಿಗಳನ್ನು. ನಾಯಿಗಳಿದ್ದರೆ ಅವನು ಆಡಿದ್ದಾನೆ. ಇಲ್ಲದಿದ್ದರೆ ಬೆಂಚಿನ ಮೇಲೆ ಕೂತು ಎದ್ದು ಬಂದಿದ್ದಾನೆ. ಆ ಬೇಸಿಗೆಯಲ್ಲಿ ಟೆಕ್ಸಾಸಿನಿಂದ ಹೊಸ ಕ್ಯಾಚರ್ ಬಂದ ಮೇಲೆ ಅವಳ ಅಡುಗೆಮನೆಯ ಕಿಟಕಿಯ ಪರದೆ ಸಂಜೆಯಾದರೆ ಸುಮ್ಮನಿರುತ್ತಿರಲಿಲ್ಲ.

ಒಹಾಯೊ ನದಿಯ ದಂಡೆಯ ಉಕ್ಕಿನ ಊರಲ್ಲಿ, ಕುಲುಮೆಯ ಕೆಲಸಗಾರನ ಕೊನೆಯ ಮಗನಾಗಿ ಹುಟ್ಟಿದ ಎಮಿಲನಿಗೆ ಕ್ಯಾಚರನ ಜಾಗ ಸಿಕ್ಕಿದ್ದು ಅಣ್ಣಂದಿರು ಯಾರೂ ಅಲ್ಲಿ ಕೂರಲು ಒಪ್ಪಲಿಲ್ಲವೆಂದು. ಯುದ್ಧಕ್ಕೆ ಹೋಗಿ ಬಂದ. ಒಂದು ಬೇಸಿಗೆ ದೊಡ್ಡ ಲೀಗಿನ ತಂಡವೊಂದು ಅವನನ್ನು ಕರೆಸಿಕೊಂಡಿತು. ಅಲ್ಲಿ ಬೆಂಚು ಕಾದು, ಸೋತ ಆಟವೊಂದರಲ್ಲಿ ಮಾತ್ರ ಆಡಿ, ಮರದ ಎಲೆ ಉದುರುವ ಮೊದಲೇ ಊರಿನ ಸಣ್ಣ ತಂಡಕ್ಕೆ ಮರಳಿದ. ಅದರ ಬಗ್ಗೆ ಯಾರು ಕೇಳಿದರೂ "ಏನಿಲ್ಲ ಬಿಡು" ಅನ್ನುತ್ತಿದ್ದ. ಮುರಿದ ಮೂಗಿಗೂ ತೀರಿಹೋದ ಅಪ್ಪನಿಗೂ ಅವನಲ್ಲಿದ್ದದ್ದು ಅದೇ ಮಾತು. ನಡೆಯುವಾಗ ಮೊಣಕಾಲು ಪೂರ್ತಿ ನೆಟ್ಟಗಾಗದೆ, ಈಗಷ್ಟೇ ಕುರ್ಚಿಯಿಂದ ಏಳುತ್ತಿರುವವನಂತೆ ಕಾಣುತ್ತಿದ್ದ. ಆ ಮೊಣಕಾಲುಗಳನ್ನು ತಿಕ್ಕಲು ತಂಡದಲ್ಲಿ ಸಂಬಳದ ಆಳಿದ್ದ. ನೆಲ ಉಜ್ಜಿ ಉಜ್ಜಿ ಇರ್ಮಾಳ ಮೊಣಕಾಲುಗಳೂ ಹಾಗೇ ಆಗಿದ್ದವು. ಅವಕ್ಕೆ ಅವಳೇ ಹಂದಿಯ ಕೊಬ್ಬು ಸವರಿಕೊಳ್ಳುತ್ತಿದ್ದಳು.

ಜೂನ್ ತಿಂಗಳ ಒಂದು ಬೆಳಿಗ್ಗೆ ಅವನು ಒಲೆಯ ಮೇಲಿನ ಕಾಫಿ ಪಾತ್ರೆಗೆ ಎಡಗೈ ತೋರುಬೆರಳು ತಾಗಿಸಿಕೊಂಡು ಕಿಟಕಿಯಾಚೆ ನೋಡುತ್ತ ನಿಂತಿದ್ದ. ಚರ್ಮ ಸುಟ್ಟ ವಾಸನೆ ಅವಳಿಗೆ ಬಂತು, ಅವನಿಗೆ ಬಿಸಿಯೇ ತಟ್ಟಿರಲಿಲ್ಲ. ಕೈ ಹಿಡಿದು ಎಳೆದರೆ ಬೆರಳು ಮೇಣದಂತೆ ಬಿಳಿಚಿತ್ತು, ಆ ಸೆಕೆಯಲ್ಲೂ ತಣ್ಣಗಿತ್ತು.

"ಏನಿಲ್ಲ ಬಿಡು. ಮೊದ್ಲು ನೋಯ್ತಿತ್ತು, ಈಗ ನೋವೇ ಇಲ್ಲ. ವಾಸಿಯಾಗ್ತಿದೆ."

ಮಾಂಸ ಕೊಂಚ ದಪ್ಪ ಇರಲಿ, ಅಷ್ಟು ಸಾಕು ಅಂದ. ಮ್ಯಾನೇಜರನ ಕಿವಿಗೆ ಬಿದ್ದರೆ ತಂಡದಿಂದ ಹೊರಗೆ, ಹೊರಗೆಂದರೆ ಅಪ್ಪನನ್ನು ತಿಂದ ಕುಲುಮೆ ಎಂದು ಇಬ್ಬರಿಗೂ ಗೊತ್ತಿತ್ತು. ಅಂದಿನಿಂದ ಅವನ ಎಡಗೈ ಕಂದು ಕೋಟಿನ ಜೇಬಿನಲ್ಲೇ ಇರತೊಡಗಿತು. ಜುಲೈಯ ಬಿಸಿಲಲ್ಲೂ ಕೋಟು ಬಿಡಲಿಲ್ಲ. ಎಡಜೇಬು ಎಮ್ಮೆಯ ಕಿವಿಯಂತೆ ಜೋತುಬಿತ್ತು.

ಮಾಂಸದಂಗಡಿಯ ಡೂರಿಶ್ ಮುದುಕ ತನ್ನನ್ನು ಆಟದ ಪಂಡಿತನೆಂದುಕೊಂಡವನು.

"ಹೋದ್ವಾರ ಕಿರುಬೆರಳು ದಪ್ಪ, ಈ ವಾರ ಹೆಬ್ಬೆರಳು. ಏನಮ್ಮಾ ಇರ್ಮಾ, ನಿನ್ ಗಂಡ ಹಿಡಿಯೋದು ಚೆಂಡೋ, ಫಿರಂಗಿ ಗುಂಡೋ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮ್ಯಾನೇಜರ್ ಹೆನೆಸಿಯ ನಾದಿನಿಯೂ ಅಲ್ಲಿದ್ದಳು.

"ಮನೆಗೆ ನೆಂಟ್ರು ಬರ್ತಾರೆ," ಅಂದಳು ಇರ್ಮಾ.

"ಬರ್ಲಿ, ಬರ್ಲಿ. ಹಲ್ಲು ಗಟ್ಟಿ ಇರೋ ನೆಂಟ್ರೇ ಇರ್ಬೇಕು."

ಆಮೇಲೆ ಅವಳು ಎರಡು ಅಂಗಡಿಗಳಿಗೆ ಹೋಗತೊಡಗಿದಳು. ಇಲ್ಲೊಂದು ತೆಳು ತುಂಡು, ಸೇತುವೆಯಾಚೆ ಇನ್ನೊಂದು. ಮನೆಗೆ ತಂದು ಒಂದರ ಮೇಲೊಂದಿಟ್ಟು, ಕಾಲುಚೀಲ ಹೊಲಿಯುವ ಸೂಜಿಯಿಂದ ಅಂಚು ಹೊಲಿಯುತ್ತಿದ್ದಳು. ಮಾಂಸ ಬಟ್ಟೆಯಂತಲ್ಲ, ಸೂಜಿಯಡಿ ಜಾರುತ್ತದೆ. ಬಿಳಿ ದಾರ ಮುಗಿದಾಗ ಮಗಳ ಶಾಲೆಯ ಫ್ರಾಕಿನ ನೀಲಿ ದಾರ ತೆಗೆದಳು. ಮಾಂಸಕ್ಕೆ ಯಾವ ಬಣ್ಣದ ದಾರವಾದರೇನು ಅಂದುಕೊಂಡಳು.

ಆಗಸ್ಟಿನ ಒಂದು ಭಾನುವಾರ ಎದುರಾಳಿಯೊಬ್ಬ ಓಡಿ ಬಂದು ಎಮಿಲನಿಗೆ ಡಿಕ್ಕಿ ಹೊಡೆದ. ಕೈಗವಸು ಕಳಚಿ, ಮಾಂಸ ಧೂಳಿಗೆ ಹಾರಿತು. ಜನ ಕೇಕೆ ಹಾಕಿದರು. ಅದನ್ನು ಎತ್ತಿಕೊಂಡವನು ಹೆನೆಸಿ. ಒಂದು ಕಾಲಕ್ಕೆ ತಾನೂ ಕ್ಯಾಚರ್ ಆಗಿದ್ದು, ಎಮಿಲನಿಗೆ ಈ ಮಾಂಸದ ವಿದ್ಯೆ ಕಲಿಸಿದವನು, ಎಡಗೈಯಲ್ಲಿ ಈಗ ನಾಲ್ಕೇ ಬೆರಳಿರುವವನು. ಅವನು ನೀಲಿ ಹೊಲಿಗೆಯನ್ನು ತಿರುಗಿಸಿ ನೋಡಿ ಹಿಂದೆ ಕೊಟ್ಟ. ಮರುದಿನ ಊಟಕ್ಕೆ ಬರುತ್ತೇನೆಂದು ಹೇಳಿದ.

ಇರ್ಮಾ ಬೆಳಗಿನಿಂದ ಎಲೆಕೋಸಿನೊಳಗೆ ಅನ್ನ, ಮಾಂಸ ತುಂಬಿ ಸುರುಳಿ ಸುತ್ತಿದಳು. ಹೆನೆಸಿ ಬಂದವನು ಎಮಿಲನ ಎಡಬದಿಗೆ ಕೂತ. ಎಮಿಲ್ ಬಲಕ್ಕೆ ತಿರುಗಿ ಮಗಳ ತಟ್ಟೆಗೆ ಆಲೂಗಡ್ಡೆ ಬಡಿಸುತ್ತಿದ್ದಾಗ, ಹೆನೆಸಿ ಮಳೆಯ ಮಾತು ನಿಲ್ಲಿಸದೆ ತನ್ನ ಫೋರ್ಕಿನ ಮೊನೆಯನ್ನು ಊಟಕ್ಕೆಂದು ಜೇಬಿನಿಂದ ಹೊರಬಂದು ಮೇಜಿನ ಮೇಲಿದ್ದ ಆ ಬಿಳಿಚಿದ ಬೆರಳ ಮೇಲಿಟ್ಟು ಮೆಲ್ಲಗೆ ಒತ್ತಿದ. ಇನ್ನಷ್ಟು ಒತ್ತಿದ. ಇರ್ಮಾ ಸೌಟು ಹಿಡಿದು ನಿಂತಿದ್ದಳು. ಗಂಡ ಒಮ್ಮೆ ಕೈ ಎಳೆದುಕೊಳ್ಳಲಿ, ಒಮ್ಮೆ ಬೈಯಲಿ ಎಂದು ಅವಳ ಜೀವ ಹಾರುತ್ತಿತ್ತು. ಸೌಟು ಕೆಡವಿದ್ದರೆ ಎಮಿಲ್ ತಿರುಗುತ್ತಿದ್ದ, ಗುಟ್ಟು ಇನ್ನೊಂದು ದಿನ ಉಳಿಯುತ್ತಿತ್ತು. ಬೆರಳಲ್ಲಿ ಮೊನೆಗಳು ಇಳಿದ ಗುಳಿ ನೋಡಿದಳು. ಸೌಟನ್ನು ಬಿಗಿಯಾಗಿ ಹಿಡಿದುಕೊಂಡಳು. ಎಮಿಲ್ ಆಲೂಗಡ್ಡೆ ಬಡಿಸುತ್ತಲೇ ಇದ್ದ.

"ಕೈ ಹೇಗಿದೆಯೋ?" ಫೋರ್ಕು ಎತ್ತಿಕೊಂಡು ಹೆನೆಸಿ ಕೇಳಿದ.

"ಏನಿಲ್ಲ ಬಿಡಿ, ಯಜಮಾನ್ರೆ."

"ನಾಳೆ ಬ್ಯಾಟಿನ ಹಿಂದೆ ಟೆಕ್ಸಾಸಿನವ್ನು ಕೂತ್ಕೊಳ್ಲಿ. ನೀನು ಸುಧಾರಿಸ್ಕೋ."

ಒಂದು ದಿನದ ಮಾತೆಂದು ಎಮಿಲ್ ತಲೆಯಾಡಿಸಿದ. ಬಾಗಿಲವರೆಗೆ ಕಳಿಸಲು ಬಂದ ಇರ್ಮಾಳಿಗೆ ಹೆನೆಸಿ ಟೋಪಿ ಹಾಕಿಕೊಳ್ಳುತ್ತ ಹೇಳಿದ: "ಹೊಲಿಗೆ ಚೆನ್ನಾಗಿತ್ತಮ್ಮ. ನನ್ನ ಹೆಂಡ್ತೀನೂ ಹೊಲೀತಿದ್ಲು. ಬೆರಳು ಉಳೀಲಿಲ್ಲ. ನಾಳೇನೇ ಡಾಕ್ಟ್ರಿಗೆ ತೋರ್ಸು."

ಮರುದಿನ ಬೆಳಿಗ್ಗೆ ಡಾಕ್ಟರು ನೋಡಿ, ಇನ್ನೊಂದು ತಿಂಗಳು ಆಡಿದ್ದರೆ ಬೆರಳು ಕತ್ತರಿಸಬೇಕಾಗುತ್ತಿತ್ತು, ಇನ್ನು ಆ ಕೈಗೆ ಚೆಂಡು ಬೇಡ ಅಂದರು. ಆದರೂ ಎಮಿಲ್ ಮಧ್ಯಾಹ್ನ ಮೈದಾನಕ್ಕೆ ಹೋಗಿ ಬೆಂಚಿನ ಮೇಲೆ ಕೂತ. ಸಂಜೆ ಇರ್ಮಾ ಪರದೆ ಸರಿಸಿದಳು. ಅವನು ಒಬ್ಬನೇ ಬರುತ್ತಿದ್ದ. ಬೇಲಿಯ ಬಳಿ ಮಲಗಿದ್ದ ಎರಡು ನಾಯಿಗಳು ತಲೆಯೆತ್ತಿ ಗಾಳಿ ಮೂಸಿ, ಮತ್ತೆ ಮಲಗಿದವು. ಬೆರಳು ಉಳಿಯಿತಲ್ಲ ಎಂಬ ನೆಮ್ಮದಿಯೂ ಕುಲುಮೆಯ ಭಯವೂ ಅವಳ ಎದೆಯಲ್ಲಿ ಒಟ್ಟಿಗೇ ಎದ್ದವು.

ಪೆಟ್ಟು ತಿನ್ನುವುದನ್ನೇ ಕಸುಬು ಮಾಡಿಕೊಂಡ ಗಂಡಸರು ಊರೂರಲ್ಲಿದ್ದಾರೆ. ನೋವಿರುವಾಗ ಅವರು ಏನಿಲ್ಲ ಅನ್ನುತ್ತಾರೆ, ನೋವು ನಿಂತಾಗ ವಾಸಿಯಾಯಿತು ಅನ್ನುತ್ತಾರೆ. ಎರಡೂ ಸುಳ್ಳೆಂದು ತಿಳಿಯುವ ಕೆಲಸ ಮನೆಯಲ್ಲಿ ಇನ್ನೊಬ್ಬರದು. ಕೊಡತಿ, ಸೂಜಿ, ಸೌಟುಗಳ ಜೊತೆಗೆ ಅದೂ ಒಂದು, ಸಂಬಳವಿಲ್ಲದ್ದು.