ಮುರಿದದ್ದು ಗೇರಿನ ಹಲ್ಲು, ಸೊಸೆಯ ಕೈಗುಣವಲ್ಲ

ಹಾಸನ ಜಿಲ್ಲೆಯ ದುದ್ದದ ಹತ್ತಿರ ಗಂಗಾಧರಯ್ಯನವರ ಮನೆಯ ಕೊಟ್ಟಿಗೆ. ಬೆಳಗಿನ ಹಾಲು ಕರೆದು ಮುಗಿದಿತ್ತು. ಸೊಸೆ ಯಶಸ್ವಿನಿ ಮೇವು ಕತ್ತರಿಸುವ ಯಂತ್ರಕ್ಕೆ ಮುಸುಕಿನ ಜೋಳದ ದಂಟು ಕೊಡುತ್ತಿದ್ದಳು. ದಪ್ಪನೆಯ ಒಂದು ಹಿಡಿ ದಂಟು ಒಳಗೆ ಸಿಕ್ಕಿಕೊಂಡಿತು. ಮೋಟಾರು ಗುರುಗುಟ್ಟಿತು, ಆಮೇಲೆ ಪಟ್ಟೆಂದು ಸದ್ದಾಯಿತು. ಯಂತ್ರದ ಹಲ್ಲುಚಕ್ರದ, ಅಂದರೆ ಗೇರಿನ, ಹಲ್ಲೊಂದು ಮುರಿದು ಹಾರಿ ಬಂದು ಅವಳ ಹುಬ್ಬಿಗೆ ಬಡಿಯಿತು.

ಕಣ್ಣು ಉಳಿಯಿತು. ಬೆರಳಗಲ ಕೆಳಗೆ ಬಡಿದಿದ್ದರೆ ಉಳಿಯುತ್ತಿರಲಿಲ್ಲ.

ಅತ್ತೆ ರೇವಮ್ಮ ಒಗೆದ ಬಟ್ಟೆ ತಂದು ಗಾಯವನ್ನು ಒತ್ತಿ ಹಿಡಿದರು. ಗಂಡ ರುದ್ರೇಶ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ದು ಹೊಲಿಗೆ ಹಾಕಿಸಿಕೊಂಡು ಬಂದ. ಇಲ್ಲಿಯವರೆಗೆ ಮನೆಯವರೆಲ್ಲ ಒಳ್ಳೆಯವರೇ. ಅವಳು ಬಂದು ಜಗಲಿಯ ಮೇಲೆ ಕೂತ ಮೇಲೆ ಮಾವ ಗಂಗಾಧರಯ್ಯ ಆಡಿದ ಮಾತು ಹೊಲಿಗೆಗಿಂತ ಹೆಚ್ಚು ನೋಯಿಸಿತು.

"ಇದು ಮೂರ್ನೇ ಗೇರು ಕಣಮ್ಮ. ನಿಮ್ಮತ್ತೆ ಇದೇ ಯಂತ್ರದ ಮುಂದೆ ನಿಂತು ತಲೆ ನರೆಸ್ಕಂಡವ್ಳೆ. ಒಂದು ಹಲ್ಲೂ ಅಳ್ಳಾಡ್ನಿಲ್ಲ. ನೀನ್ ಬಂದ್ಮೇಲೆ ಯಾಕೆ ಇಂಗಾಯ್ತದೆ?"

ರೇವಮ್ಮ ನಡುವೆ ಬಂದರು.

"ಕೆಲವ್ರ ಕೈಗುಣ ಅಂಗಿರ್ತದೆ ಬುಡಿ. ಬೇಕೂಂತ ಮಾಡ್ತಾಳಾ, ಪಾಪ."

ಪಾಪ ಎನ್ನುತ್ತಲೇ ತಪ್ಪನ್ನು ಅವಳ ಕೈಗೆ ಅಂಟಿಸಿದರು.

ನಮ್ಮ ಕಡೆಯ ಈ ಕೈಗುಣದ ಮಾತು ಎಲ್ಲರಿಗೂ ಗೊತ್ತಿರುವುದೇ. ಹೆಪ್ಪು ಹಾಕಿದ ಕೈ, ಬೀಜ ಊರಿದ ಕೈ, ಹಸು ಮುಟ್ಟಿದ ಕೈ. ಒಳ್ಳೆಯದಾದರೆ ಮನೆದೇವರ ದಯೆ, ಕೆಟ್ಟದ್ದಾದರೆ ಸೊಸೆಯ ಕೈ. ಹುಬ್ಬಿನಲ್ಲಿ ಇನ್ನೂ ರಕ್ತ ಜಿನುಗುತ್ತಿರುವ ಹೆಣ್ಣುಮಗಳ ಎದುರು ಕೂತು ಹೀಗೆ ಮಾತಾಡಲು ನಾಲಿಗೆಯಾದರೂ ಹೇಗೆ ಏಳುತ್ತದೆ?

ಗಂಗಾಧರಯ್ಯ ತೀರ್ಮಾನ ಹೇಳಿಯೇಬಿಟ್ಟರು. "ಇನ್ಮೇಲೆ ನೀನು ಯಂತ್ರದ ತಾವ ಓಗ್ಬ್ಯಾಡ. ಪ್ರೇಕ್ಷಾ ಮೇವು ಕೊಡ್ಲಿ. ರುದ್ರೇಶ, ಚನ್ನರಾಯಪಟ್ಟಣಕ್ಕೋಗಿ ಅಂಥದ್ದೇ ಗೇರು ಇನ್ನೊಂದು ತಕಬಾ."

ಪ್ರೇಕ್ಷಾ ಅವರ ಕಿರಿಯ ಮಗಳು. ಕಾಲೇಜಿಗೆ ಈಗಷ್ಟೇ ಸೇರಿದ್ದಾಳೆ.

ಇಷ್ಟರಲ್ಲಿ ಹೆಪ್ಪಿಗೆ ಮಜ್ಜಿಗೆ ಕೇಳಲು ಪಕ್ಕದ ಮನೆಯ ಶೋಭಿತಾ ಬಂದಳು. ಹೊಳೆನರಸೀಪುರದಲ್ಲಿ ಐಟಿಐ ಓದಿದವಳು. ಈಗ ಹಾಸನದ ಒಂದು ವರ್ಕ್‌ಶಾಪಿನಲ್ಲಿ ಗೇರು ಕಡಿಯುವ ಯಂತ್ರ ನಡೆಸುತ್ತಾಳೆ. ಯಶಸ್ವಿನಿಯ ಹುಬ್ಬು ನೋಡಿ ಲೋಟ ಕೆಳಗಿಟ್ಟಳು. ಏನಾಯಿತೆಂದು ಕೇಳಿ, ಕೊಟ್ಟಿಗೆಗೆ ಹೋಗಿ ಮುರಿದ ಗೇರನ್ನು ಎತ್ತಿಕೊಂಡು ಬಂದಳು.

"ಇದನ್ನ ತಂದದ್ದು ಯಾರು?"

"ನಾನೇ," ಎಂದ ರುದ್ರೇಶ. "ಸ್ಟೀಲು ಅಂದ್ರು. ನಾನೂ ಸುಮ್ನೆ ತರ್ನಿಲ್ಲ ಕಣವ್ವ, ಅಯಸ್ಕಾಂತ ಇಟ್ಟು ನೋಡ್ದೆ. ಕಚ್ಕಂತು."

"ಅಯಸ್ಕಾಂತ ಎರಕದ ಕಬ್ಬಿಣಕ್ಕೂ ಕಚ್ಕಳ್ತದಣ್ಣ. ನಿಮ್ಮವ್ವನ ದೋಸೆ ಕಾವಲಿಗೂ ಕಚ್ಕಳ್ತದೆ. ಅದನ್ನೂ ಯಂತ್ರಕ್ಕೆ ಹಾಕ್ತೀರಾ?"

ಈಳಿಗೆಮಣೆಯ ಅಂಚಿಗೆ ಗೇರನ್ನು ಉಜ್ಜಿದಳು. ಬೆಳ್ಳಿಯಂತೆ ಹೊಳೆಯುತ್ತಿದ್ದ ಬಣ್ಣ ಸಿಪ್ಪೆಯಾಗಿ ಎದ್ದು ಬಂತು. ಮುರಿದ ಜಾಗವನ್ನು ಬಿಸಿಲಿಗೆ ಹಿಡಿದು ತೋರಿಸಿದಳು. ಬೂದಿ ಬಣ್ಣ, ಬೆಲ್ಲದಚ್ಚು ಒಡೆದಂತೆ ಕಾಳು ಕಾಳು.

"ಇದು ಎರಕ. ಸ್ಟೀಲಾಗಿದ್ರೆ ಇಂಗೆ ಚೂರಾಗಿ ಹಾರ್ತಿರ್ಲಿಲ್ಲ, ಏಟು ಬಿದ್ರೆ ಮೊದ್ಲು ಬಗ್ತದೆ. ಹಲ್ಲು ನೋಡಿ, ಒರಟೊರಟು. ಕಡಿದು ಮಾಡಿದ ಹಲ್ಲಾದ್ರೆ ನುಣ್ಣಗಿರ್ತವೆ. ನಿಮಗೆ ಬಣ್ಣ ಮಾರವ್ರೆ."

ಗಂಗಾಧರಯ್ಯ ಸುಲಭಕ್ಕೆ ಒಪ್ಪುವವರಲ್ಲ. "ನೀನು ಓದ್ದೋಳು, ಏನಾರ ಯೋಳ್ತೀಯ. ಹಳೇ ಗೇರೂ ಎರಕದ್ದೇ ಅಲ್ವೇನವ್ವ? ಅದ್ಯಾಕೆ ಇವ್ಳು ಬರೋಗಂಟ ಮುರೀನಿಲ್ಲ?"

"ಆಗ ಚಕ್ರ ತಿರುಗಿಸ್ತಿದ್ದೋರು ಯಾರು ದೊಡ್ಡಪ್ಪ?"

"ನಾನೇ."

"ದಂಟು ಸಿಕ್ಕಾಕೊಂಡ್ರೆ?"

"ನಿಲ್ಲುಸ್ತಿದ್ದೆ. ಕೈಗೆ ಗೊತ್ತಾಯ್ತದಲ್ಲ."

"ಮೋಟಾರಿಗೆ ಗೊತ್ತಾಯ್ತದಾ? ಅದು ನೂಕ್ತಾನೇ ಇರ್ತದೆ. ಆ ಏಟೆಲ್ಲ ಹಲ್ಲಿನ ಮೇಲೆ ಬೀಳೋದು. ಕೈಲಿ ತಿರುಗಿಸೋಕೆ ಮಾಡಿದ ಗೇರು ಅದು, ಕೈಗೆ ಸರಿಯಾಗೇ ಇತ್ತು. ಮೋಟಾರು ಯಾವಾಗ ಹಾಕ್ಸಿದ್ರಿ?"

ರೇವಮ್ಮ ಸಣ್ಣ ದನಿಯಲ್ಲಿ, "ಇವ್ರ ಮದ್ವೆ ಆದ ವರ್ಸಾನೇ," ಎಂದರು.

"ನೋಡಿ. ಮೋಟಾರೂ ಸೊಸೇನೂ ಒಂದೇ ವರ್ಸ ಮನೆಗೆ ಬಂದ್ರು. ನೀವು ಮೋಟಾರು ಬುಟ್ಟು ಸೊಸೇನ ಹಿಡ್ಕಂಡ್ರಿ."

ರುದ್ರೇಶ ತಲೆ ತಗ್ಗಿಸಿದ. ಗಂಗಾಧರಯ್ಯ ಮಾತ್ರ, "ಅದೆಲ್ಲ ಇರ್ಲಿ. ಪ್ರೇಕ್ಷಾ ಉಷಾರಾಗಿ ಕೊಡ್ತಾಳೆ ಬುಡು," ಎಂದು ಎದ್ದರು.

"ಕೊಡ್ಲಿ. ಅದೇ ಹಲ್ಲು ಹಾರಿ ಪ್ರೇಕ್ಷಾ ಕಣ್ಣಿಗೆ ಬಿದ್ರೆ ಅವಳ ಕೈಗುಣಾನೂ ಕೆಟ್ಟದ್ದು ಅಂತೀರಾ?"

ರೇವಮ್ಮ ಸೆರಗು ಕೊಡವಿ ಎದ್ದು ನಿಂತರು. "ಆ ಯಂತ್ರದ ಮುಂದೆ ನನ್ ಮಗ್ಳು ನಿಲ್ಲಾಕಿಲ್ಲ," ಎಂದರು. ಹೇಳಿದ ಮೇಲೆ ಯಶಸ್ವಿನಿಯ ಮುಖ ನೋಡಿದರು. ಬಾಯಿಂದ ಬಂದ ಮಾತು ಅವರಿಗೇ ಚುಚ್ಚಿರಬೇಕು. "ಯಾರ ಮಗ್ಳೂ ನಿಲ್ಲಾಕಿಲ್ಲ. ಸರಿಯಾದ ಗೇರು ಬರ್ಲಿ. ಅಲ್ಲೀಗಂಟ ಕುಡ್ಲು ತಕಂಡು ನಾನೇ ಕುಯ್ತೀನಿ," ಎಂದರು.

ಆಗ ಯಶಸ್ವಿನಿ ಬಾಯಿ ಬಿಟ್ಟಳು. "ಅಂಗಡಿಗೆ ನಾನೂ ಬತ್ತೀನಿ."

ಮಾರನೆಯ ದಿನ ಅವಳು, ರುದ್ರೇಶ, ಗಂಗಾಧರಯ್ಯ ಮೂವರೂ ಚನ್ನರಾಯಪಟ್ಟಣದ ಆ ಅಂಗಡಿಗೆ ಹೋದರು. ಶೋಭಿತಾ ಹೇಳಿಕೊಟ್ಟಂತೆ ಮುರಿದ ದೊಡ್ಡ ಗೇರನ್ನೂ ಅದರ ಜೊತೆಯ ಚಿಕ್ಕ ಗೇರನ್ನೂ ಚೀಲದಲ್ಲಿ ಒಯ್ದಿದ್ದರು.

ಅಂಗಡಿಯವನು ಮುರಿದ ಗೇರನ್ನು ಕೈಯಲ್ಲೂ ಹಿಡಿಯಲಿಲ್ಲ. "ಓವರ್‌ಲೋಡ್ ಮಾಡಿರ್ತೀರ. ಹೆಂಗಸ್ರ ಕೈಗೆ ಮಿಷಿನ್ ಕೊಟ್ರೆ ಇನ್ನೇನಾಗುತ್ತೆ," ಎಂದು ನಕ್ಕು, ಅಂಥದ್ದೇ ಹೊಳೆಯುವ ಗೇರೊಂದನ್ನು ಮುಂದಿಟ್ಟ.

"ಇದು ಸ್ಟೀಲಾ?" ಯಶಸ್ವಿನಿ ಕೇಳಿದಳು.

"ಸ್ಟೀಲೇ ಕಣಮ್ಮ. ಹೊಳೀತಾ ಇಲ್ವಾ?"

"ಅಂಗಾರೆ ಬಿಲ್ಲಲ್ಲಿ ಸ್ಟೀಲ್ ಗೇರು ಅಂತ ಬರ್ಕೊಡಿ."

ಅವನು ಜೇಬಿನಲ್ಲಿದ್ದ ಪೆನ್ನನ್ನು ಮೇಜಿನ ಮೇಲೆಲ್ಲ ಹುಡುಕಿದ. "ಅಂಗೆಲ್ಲ ಬರಿಯೋ ಪದ್ಧತಿ ಇಲ್ಲ."

"ಬಾಯಲ್ಲಿ ಯೋಳೋದು ಕೈಲಿ ಬರಿಯಾಕಾಗಲ್ವಾ? ನನ್ ಹುಬ್ಬು ನೋಡಿ. ನೀವು ಬರೀದಿದ್ದು ಇಲ್ಲಿ ಬರ್ದದೆ."

ಅಂಗಡಿಯಲ್ಲಿದ್ದ ಗಿರಾಕಿಗಳು ಇತ್ತ ತಿರುಗಿದರು. ಗಂಗಾಧರಯ್ಯ ಸೊಸೆಯ ಪಕ್ಕಕ್ಕೆ ಬಂದು ನಿಂತರು. "ಯೋಯ್, ನೀನು ಮೋಸ ಮಾಡ್ದೆ. ನಾನು ಆ ಮೋಸಾನ ಮನೆ ಮಗ್ಳ ತಲೆಗೆ ಕಟ್ಟಿದ್ನಲ್ಲಪ್ಪ," ಎಂದರು. ಆ ಗೇರನ್ನು ಅವನ ಕಡೆಗೇ ತಳ್ಳಿದರು. "ನಡೀರಿ, ಹಾಸನಕ್ಕೋಗಾಣ."

ಹಾಸನದಲ್ಲಿ ಕೇಳಿದ್ದನ್ನು ಬರೆದುಕೊಡುವ ಅಂಗಡಿ ಸಿಕ್ಕಿತು. ಅಲ್ಲಿ ಒಂದೇ ಗೇರು ಕೊಂಡರೆ ಸಾಲದೆಂದೂ ಹೇಳಿದರು. ಸವೆದ ಹಲ್ಲಿಗೆ ಹೊಸ ಹಲ್ಲು ಕೂಡದು, ಬೇಗ ಹಾಳಾಗುತ್ತದೆ. ಚಿಕ್ಕದು ಹೆಚ್ಚು ಸುತ್ತುವುದರಿಂದ ಅದು ಇನ್ನೂ ಗಟ್ಟಿಯಾಗಿರಬೇಕು. ಹಲ್ಲುಗಳ ಎಣಿಕೆ, ಗಾತ್ರ, ಅಗಲ, ನಡುವಿನ ರಂಧ್ರ ಎಲ್ಲವನ್ನೂ ಹಳೆಯದರ ಜೊತೆ ಹಿಡಿದು ನೋಡಿ, ಜೋಡಿಯನ್ನೇ ತಂದರು. ಭಾನುವಾರ ಶೋಭಿತಾ ನಿಂತು ಕೂರಿಸಿದಳು. ಗೇರುಗಳ ಮೇಲೆ ತಗಡಿನ ಮುಚ್ಚಳ ಹಾಕಿಸಿದಳು. ಮೋಟಾರಿನಲ್ಲಿ ಬೆಲ್ಟು ಸುತ್ತುವ ಗಾಲಿ, ಅಂದರೆ ಪುಲ್ಲಿ, ದೊಡ್ಡದಿರುವುದರಿಂದ ಯಂತ್ರ ಅತಿ ವೇಗ ಓಡುತ್ತಿದೆ ಎಂದು ಅದನ್ನೂ ಬದಲಿಸಿದಳು.

ಮತ್ತೆ ಒಂದು ದಿನ ದಂಟು ಸಿಕ್ಕಿಕೊಂಡಿತು. ಸಿಕ್ಕಿಕೊಳ್ಳದೆ ಇರುತ್ತದೆಯೇ? ಬೆಲ್ಟು ಜಾರಿ ಕಿರುಗುಟ್ಟಿತು. ಸ್ವಿಚ್ಚಿನ ಪಕ್ಕದಲ್ಲಿದ್ದ ಗಂಗಾಧರಯ್ಯ ಆರಿಸಿದರು. ಯಶಸ್ವಿನಿ ಚಕ್ರ ನಿಲ್ಲುವವರೆಗೂ ಕಾದು ದಂಟನ್ನು ಎಳೆದುಕೊಂಡಳು. ಮುಚ್ಚಳ ತೆಗೆದು ನೋಡಿದರೆ ಹಲ್ಲುಗಳೆಲ್ಲ ನೆಟ್ಟಗಿದ್ದವು. ಮುಚ್ಚಳವನ್ನು ಮತ್ತೆ ಹಾಕಿದಳು.

"ಸ್ವಿಚ್ಚು ನೀನೇ ಆಕವ್ವ," ಎಂದರು ಮಾವ, ಪಕ್ಕಕ್ಕೆ ಸರಿದು. "ನಿನ್ ಕೈನೇ ಮುಂದಿರ್ಲಿ."

ಅಕ್ಕಂದಿರೇ, ಅಣ್ಣಂದಿರೇ, ಕೈಯಿಂದ ತಿರುಗಿಸುತ್ತಿದ್ದ ಯಂತ್ರಕ್ಕೆ ನೀವೂ ಮೋಟಾರು ಹಾಕಿಸಿದ್ದೀರಾ? ಹಾಗಿದ್ದರೆ ಈ ಹಾಳೆಯನ್ನು ಕೆಳಗಿಟ್ಟು, ಸ್ವಿಚ್ಚು ಆರಿಸಿ, ಅದರ ಗೇರನ್ನು ಒಮ್ಮೆ ನೋಡಿ ಬನ್ನಿ. ಬಣ್ಣ ಕೆರೆದು ನೋಡಿ. ಅನುಮಾನ ಬಂದರೆ ಬಲ್ಲವರಿಗೆ ತೋರಿಸಿ, ಹಲ್ಲು ಕಡಿದು ಮಾಡಿದ ಸ್ಟೀಲ್ ಗೇರಿನ ಜೋಡಿಯನ್ನೇ ಹಾಕಿಸಿ. ಅದು ಸ್ಟೀಲ್ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಬರೆಯದವನ ಅಂಗಡಿಯಿಂದ ಇಳಿದು ಬನ್ನಿ. ಮುಚ್ಚಳವಿಲ್ಲದ ಗೇರಿನ ಮುಂದೆ ಯಾರನ್ನೂ ನಿಲ್ಲಿಸಬೇಡಿ, ಮಕ್ಕಳನ್ನಂತೂ ಹತ್ತಿರವೂ ಬಿಡಬೇಡಿ. ಯಂತ್ರ ಮುರಿದ ದಿನ ಅದರ ಮುಂದೆ ನಿಂತವಳ ಕೈಯನ್ನು ದೂರುವ ಮೊದಲು, ಆ ಕೈಗೆ ಎಂಥ ಗೇರು ತಂದುಕೊಟ್ಟಿದ್ದೆವು ಎಂದು ನಿಮ್ಮನ್ನೇ ಕೇಳಿಕೊಳ್ಳಿ.